ಹೊಗೆಸೊಪ್ಪಿನ ಊರಿಂದ ಹೊಗೆಸೊಪ್ಪಿನ ಊರಿಗೆ



ಊರಿಂದ ಬಂದಿದ್ದ ಅಪ್ಪನನ್ನು ಹೋದ ತಿಂಗಳು ಡರ್ಹಮ್ ಪೇಟೆ ತೋರಿಸಲು ಕರ್ಕೊಂಡು ಹೋಗಿದ್ದೆ. ಅಪ್ಪ ಪಿರಿಯಾಪಟ್ಟಣದ ಕಡೆಯವರು, ಮೂವತ್ತು ವರ್ಷ ವರ್ಜೀನಿಯಾ ಹೊಗೆಸೊಪ್ಪು ಬೆಳೆದವರು. ಸೌದೆ ಖರ್ಚು, ಆಳಿನ ಖರ್ಚು ತಡೆಯೋಕಾಗಲ್ಲ, ಮುಂದಿನ ಸಲ ಎರಡೆಕರೆಗೆ ಸೊಪ್ಪು ಬೇಡ ಅಂತ ತಮ್ಮ ಹಟ ಹಿಡಿದಿದ್ದಾನೆ. ಅಪ್ಪನಿಗೆ ಅದೇ ಚಿಂತೆ.

ಅಮೆರಿಕನ್ ಟೊಬ್ಯಾಕೊ ಕ್ಯಾಂಪಸ್ಸಿನಲ್ಲಿ 'ಲಕ್ಕಿ ಸ್ಟ್ರೈಕ್' ಅಂತ ಬರೆದ ಚಿಮಣಿ ತೋರಿಸಿದೆ. "ಇಲ್ಲೂ ನಮ್ದೇ ಕಸುಬೇನ್ಲಾ?" ಅಂದರು. ನಿಜ ಹೇಳಬೇಕೆಂದರೆ ಇಲ್ಲಿಯದೇ ನಮ್ಮಲ್ಲಿಗೆ ಬಂದದ್ದು. ಬ್ಯಾರನ್‌ನಲ್ಲಿ ಬಿಸಿ ಕೊಟ್ಟು ಎಲೆಗೆ ಹಳದಿ ಬಣ್ಣ ತರುವ ವಿದ್ಯೆ 1839ರಲ್ಲಿ, ಇಲ್ಲಿಂದ ಉತ್ತರಕ್ಕಿರುವ ಕ್ಯಾಸ್ವೆಲ್ ಕೌಂಟಿಯಲ್ಲಿ, ಸ್ಟೀಫನ್ ಎಂಬ ಗುಲಾಮನ ಕೈಯಲ್ಲಿ ಹುಟ್ಟಿತು ಎನ್ನುತ್ತಾರೆ.

ಆ ಕಾರ್ಖಾನೆ 1987ರಲ್ಲಿ ಮುಚ್ಚಿತು. 2004ರಲ್ಲಿ ಅದೇ ಇಟ್ಟಿಗೆ ಕಟ್ಟಡಗಳು ಆಫೀಸು, ಹೋಟೆಲುಗಳಾಗಿ ತೆರೆದವು. ಊರು ಸಾಯಲಿಲ್ಲ, ಯಾಕೆಂದರೆ ತಯಾರಿ ಮೊದಲೇ ನಡೆದಿತ್ತು. ಹೊಗೆಸೊಪ್ಪು, ಬಟ್ಟೆ ಗಿರಣಿ, ಪೀಠೋಪಕರಣ ಇಷ್ಟನ್ನೇ ನಂಬಿದ್ದ ಈ ಬಡ ರಾಜ್ಯ, 1959ರಲ್ಲಿ ಮೂರು ವಿಶ್ವವಿದ್ಯಾಲಯಗಳ ನಡುವಿನ ಪೈನ್ ಕಾಡಿನಲ್ಲಿ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಶುರುಮಾಡಿತು. 1965ರಲ್ಲಿ ಐಬಿಎಂ ಬರುವುದಾಗಿ ಹೇಳಿತು. ನಮ್ಮಲ್ಲಿ ಎಷ್ಟೋ ಜನ ಇವತ್ತು ಅನ್ನ ತಿನ್ನುತ್ತಿರುವುದು ಅಲ್ಲೇ.

ಅಪ್ಪ ಎಲ್ಲ ಕೇಳಿಸಿಕೊಂಡು, "ನಮ್ ಸೊಪ್ ಕಟ್ಟೋ ಹೆಣ್ಣಾಳುಗಳಂತೋರಿಗೆ ಅಲ್ಲಿ ಕೆಲಸ ಸಿಕ್ತಾ?" ಅಂದರು.

ನನ್ನ ಬಾಯಿ ಕಟ್ಟಿತು. ಇಲ್ಲಿಯ ಕಾರ್ಖಾನೆಗಳಲ್ಲಿ ಎಲೆಯ ದಂಟು ಬಿಡಿಸುವ ಧೂಳಿನ ಕೆಲಸ ಬಹುಪಾಲು ಕಪ್ಪು ಹೆಂಗಸರದಾಗಿತ್ತು. ಪ್ರಯೋಗಶಾಲೆ ಕೆಲಸಕ್ಕೆ ಬೇಕಾದ ಓದು ಅವರಿಗೆಲ್ಲಿತ್ತು?

ಹಾಗಂತ ಆ ಜನ ಕೈಕಟ್ಟಿ ಕೂತವರಲ್ಲ. ಗುಲಾಮನಾಗಿ ಹುಟ್ಟಿ ಕ್ಷೌರದಂಗಡಿ ನಡೆಸಿದ ಜಾನ್ ಮೆರಿಕ್ 1898ರಲ್ಲಿ ಜೊತೆಗಾರರೊಂದಿಗೆ ವಿಮಾ ಕಂಪನಿ ಕಟ್ಟಿದ. ಪ್ಯಾರಿಷ್ ಸ್ಟ್ರೀಟ್ 'ಕಪ್ಪು ವಾಲ್ ಸ್ಟ್ರೀಟ್' ಎನಿಸಿತು. ಪಕ್ಕದ ಹೇಟೈ ಬಡಾವಣೆಯಲ್ಲಿ ಅವರದೇ ಅಂಗಡಿ, ಸಿನಿಮಾ ಮಂದಿರಗಳಿದ್ದವು. ಅರವತ್ತರ ದಶಕದಲ್ಲಿ ನಗರ ನವೀಕರಣದ ಹೆಸರಲ್ಲಿ ಅದನ್ನು ಕೆಡವಿ ಹೆದ್ದಾರಿ ಹಾಯಿಸಿದರು. ಹೆದ್ದಾರಿ 147ರಲ್ಲಿ ಆಫೀಸಿಗೆ ಹೋಗುವಾಗ ನಾವು ಓಡಾಡುವುದು ಆ ಮನೆಗಳಿದ್ದ ಜಾಗದ ಮೇಲೇ.

ಬಿಡುವಾದಾಗ ಚಿಮಣಿ, ಪ್ಯಾರಿಷ್ ಸ್ಟ್ರೀಟ್, ಹಳೆ ಚರ್ಚಿನಲ್ಲಿರುವ ಹೇಟೈ ಹೆರಿಟೇಜ್ ಸೆಂಟರ್, ಮೂರನ್ನೂ ಒಂದೇ ದಿನ ನೋಡಿ ಬನ್ನಿ. ಚಿಮಣಿ ಮಾತ್ರ ನೋಡಿದರೆ ಅರ್ಧ ಕಥೆ ಆದೀತು.

ಅಪ್ಪ ಅವತ್ತು ರಾತ್ರಿಯೇ ತಮ್ಮನಿಗೆ ಫೋನ್ ಮಾಡಿದರು. "ಸೊಪ್ಪು ಬಿಡು, ಬೇಡ ಅನ್ನಲ್ಲ. ಆದ್ರೆ ಆ ಎರಡೆಕರೇಲಿ ಏನೇ ಹಾಕು, ನಮ್ ಹೆಣ್ಣಾಳುಗಳಿಗೂ ಕೂಲಿ ಹುಟ್ಟೋ ಅಂಥದ್ದನ್ನ ಹಾಕು."