ಗಾಳಿಯ ತೂಬು

ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಎಲ್ಲರ ಕಣ್ಣೂ ಟ್ರಂಪೆಟ್ ಊದುವವನ ಮೇಲಿರುತ್ತದೆ. ಹಾಡು ಅವನದು, ಕುಣಿಯುವವರು ನೋಟು ಸಿಕ್ಕಿಸುವುದೂ ಅವನ ಜೇಬಿಗೇ. ಹಿಂದಿನ ಸಾಲಿನಲ್ಲಿ ಹೆಬ್ಬಾವಿನಂಥ ಹಿತ್ತಾಳೆ ಕೊಳವೆಯನ್ನು ಮೈಗೆ ಸುತ್ತಿಕೊಂಡು ಬುಸುಗುಡುತ್ತಾ ಬರುವವನನ್ನು ಮಕ್ಕಳು ಬಿಟ್ಟರೆ ಯಾರೂ ನೋಡುವುದಿಲ್ಲ. ಆದರೆ ಆ ವಾದ್ಯ ಒಂದು ನಿಮಿಷ ನಿಂತರೆ ಇಡೀ ಹಾಡು ಕಾಲಿಲ್ಲದಂತಾಗುತ್ತದೆ. ನಮ್ಮವರು ಅದನ್ನು ಬರೀ ‘ಬೇಸ್’ ಅನ್ನುತ್ತಾರೆ. ಪುಸ್ತಕದಲ್ಲಿ ಅದರ ಹೆಸರು ಟ್ಯೂಬಾ. ಕೂತು ನುಡಿಸುವ ಟ್ಯೂಬಾವನ್ನೇ ನಡೆಯುವವನ ಹೆಗಲಿಗೆ ಸುತ್ತುವಂತೆ ಬಾಗಿಸಿದರೆ ಸೂಸಾಫೋನ್. ಅಮೆರಿಕದ ಬ್ಯಾಂಡ್ ಮಾಸ್ಟರ್ ಜಾನ್ ಫಿಲಿಪ್ ಸೂಸಾ ಅವರಿಂದ ಬಂದ ಹೆಸರದು.

ನನ್ನ ಸೋದರಮಾವ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಇಪ್ಪತ್ತು ವರ್ಷದಿಂದ ಬ್ಯಾಂಡ್ ನಡೆಸುತ್ತಿದ್ದಾರೆ. ಕೋಲಾರ, ಮಾಲೂರಿನ ಕಲ್ಯಾಣ ಮಂಟಪಗಳು, ಮುಳಬಾಗಿಲಿನ ಕಡೆಯ ಹೂವಿನ ಪಲ್ಲಕ್ಕಿ, ಊರಹಬ್ಬ: ಇವೇ ಅವರ ವರ್ಷದ ಲೆಕ್ಕ. ಅವರ ಹಳೆಯ ಬೇಸ್ ಎಷ್ಟು ಕಡೆ ಸೀಳಿತ್ತೆಂದರೆ ಹಿತ್ತಾಳೆಗಿಂತ ಎಂ-ಸೀಲೇ ಹೆಚ್ಚು ಕಾಣುತ್ತಿತ್ತು. ಡಿಜೆ ಬಂದ ಮೇಲೆ ಆರ್ಡರ್ ಇಳಿದಿದ್ದವು. ಬೇಸ್ ಇಲ್ಲದ ಬ್ಯಾಂಡನ್ನಂತೂ ಯಾರೂ ಕರೆಯುವುದಿಲ್ಲ. ಅತ್ತೆ ಸಂಘದಿಂದ ಸಾಲ ತೆಗೆದರು. ಮೀರತ್‌ನಿಂದ ತರಿಸುವುದೆಂದಾಯಿತು. ಅಲ್ಲಿನ ಜಲಿ ಕೋಠಿ ಬೀದಿ ದೇಶದ ಬ್ಯಾಂಡುಗಳಿಗೆಲ್ಲ ವಾದ್ಯ ಕೊಡುವ ಜಾಗ. 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿ ಇರುವುದೂ ಆ ಊರಿನಲ್ಲೇ. ಬಯಲುಸೀಮೆಯ ಮೆರವಣಿಗೆ ವಾದ್ಯಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವವಳು ನಾನು, ಹಾಗಾಗಿ ಎರಡು ಪ್ರಶ್ನೆ ನನ್ನ ಪಾಲಿಗೆ ಬಂದವು: ವಾಲ್ವ್ ಯಾವುದು? ಮೇಲಿನ ಲೇಪ ಯಾವುದು?

ವಾಲ್ವ್ ಅಂದರೇನೆಂದು ಮಾವನಿಗೆ ವಿವರಿಸಬೇಕಾಗಿರಲಿಲ್ಲ, ಅವರೇ ನನಗೆ ಹೇಳಿಕೊಟ್ಟರು. ನಮ್ಮ ತಾತ ಕೆರೆಯ ನೀರುಗಂಟಿಯಾಗಿದ್ದವರು. “ತೂಬು ನೋಡಿದ್ದೀಯಲ್ಲ? ಎತ್ತಿದ್ರೆ ನೀರು ಬೇರೆ ಕಾಲುವೆಗೆ ಹೋಗುತ್ತೆ. ಇದೂ ಅಷ್ಟೇ. ಇಲ್ಲಿ ನೀರಿನ ಬದಲು ಗಾಳಿ.” ಇದಕ್ಕಿಂತ ಸರಿಯಾದ ವ್ಯಾಖ್ಯಾನ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ದೊಡ್ಡ ಬೇಸಿನ ಕೊಳವೆಯನ್ನು ಬಿಡಿಸಿ ನೇರ ಮಾಡಿದರೆ ಸುಮಾರು 18 ಅಡಿ ಉದ್ದ. ವಾಲ್ವ್ ಒತ್ತಿದಾಗ ಗಾಳಿ ಒಂದು ಸುತ್ತುದಾರಿ ಹಿಡಿಯುತ್ತದೆ, ಉದ್ದ ಹೆಚ್ಚುತ್ತದೆ, ಸ್ವರ ಇಳಿಯುತ್ತದೆ. ಎರಡನೆಯ ವಾಲ್ವ್ ಸುಮಾರು ಒಂದು ಅಡಿ ಸೇರಿಸಿ ಸ್ವರವನ್ನು ಅರ್ಧ ಮೆಟ್ಟಿಲು ಇಳಿಸುತ್ತದೆ. ಮೊದಲನೆಯದು ಎರಡು ಅಡಿಗೂ ಹೆಚ್ಚು ಸೇರಿಸಿ ಒಂದು ಮೆಟ್ಟಿಲು, ಮೂರನೆಯದು ಮೂರು ಅಡಿಗೂ ಹೆಚ್ಚು ಸೇರಿಸಿ ಒಂದೂವರೆ ಮೆಟ್ಟಿಲು ಇಳಿಸುತ್ತವೆ.

ಇಲ್ಲೊಂದು ಲೆಕ್ಕದ ತೊಡಕಿದೆ. ಒಂದನ್ನೂ ಮೂರನ್ನೂ ಒಟ್ಟಿಗೆ ಒತ್ತಿದಾಗ ಬೇಕಾದುದು ಆರು ಅಡಿಯಷ್ಟು ಉದ್ದ, ಎರಡೂ ಸೇರಿ ಕೊಡುವುದು ಅದಕ್ಕಿಂತ ಸುಮಾರು ಐದು ಇಂಚು ಕಡಿಮೆ. ಸ್ವರ ತುಸು ಮೇಲಕ್ಕೆ ಎಳೆಯುತ್ತದೆ. ಅದಕ್ಕೇ ಕೆಲವು ಟ್ಯೂಬಾಗಳಲ್ಲಿ ನಾಲ್ಕನೆಯ ವಾಲ್ವ್ ಇರುತ್ತದೆ. ಇಂಗ್ಲೆಂಡಿನ ಡೇವಿಡ್ ಬ್ಲೇಕ್ಲಿ 1874ರಲ್ಲಿ, ಕೊರತೆ ಬಿದ್ದಷ್ಟು ಉದ್ದವನ್ನು ತಾನೇ ತುಂಬಿಕೊಳ್ಳುವ ವಾಲ್ವಿನ ಏರ್ಪಾಟನ್ನೂ ಮಾಡಿದ. ಎರಡೂ ಒಳ್ಳೆಯವೇ, ಆದರೆ ತೂಕವೂ ಬೆಲೆಯೂ ಏರುತ್ತವೆ. ರಾತ್ರಿಯಿಡೀ ಪಲ್ಲಕ್ಕಿಯ ಜೊತೆ ನಡೆಯುವವನ ಹೆಗಲು ಈ ಮಾತಿನಲ್ಲಿ ತಾನೂ ಒಂದು ಪಕ್ಷ. ಮೂರು ವಾಲ್ವ್ ಸಾಕು, ಏರಿದ ಸ್ವರವನ್ನು ತುಟಿ ಸಡಿಲಿಸಿ ಇಳಿಸಿಕೊಳ್ಳುತ್ತೇನೆ ಎಂದರು ಮಾವ.

ಮುಂದಿನದು ಪಿಸ್ಟನ್ನೋ ರೋಟರಿಯೋ ಎಂಬುದು. ಪಿಸ್ಟನ್ ಹಳೆಯ ಕೆರೆತೂಬಿನಂತೆ ಮೇಲೆ ಕೆಳಗೆ ಆಡುತ್ತದೆ. ರೋಟರಿ ಚಕ್ರ ತಿರುವುವ ಗೇಟಿನ ಹಾಗೆ ಕಾಲು ಸುತ್ತು ತಿರುಗುತ್ತದೆ. ಬರ್ಲಿನ್ನಿನಲ್ಲಿ ವೀಪ್ರೆಕ್ಟ್ ಮತ್ತು ಮೋರಿಟ್ಸ್ ಬೇಸ್ ಟ್ಯೂಬಾಕ್ಕೆ ಪೇಟೆಂಟ್ ಪಡೆದದ್ದು 1835ರಲ್ಲಿ. ಅದೇ ವರ್ಷ ವಿಯೆನ್ನಾದಲ್ಲಿ ಯೋಸೆಫ್ ರೀಡ್ಲ್ ರೋಟರಿಗೆ ಪೇಟೆಂಟ್ ಪಡೆದ. ಇವತ್ತು ನಾವು ಕಾಣುವ ಪಿಸ್ಟನ್ನು ಅದಾದ ಕೆಲವೇ ವರ್ಷಗಳಲ್ಲಿ ಪ್ಯಾರಿಸ್ಸಿನ ಪೆರಿನೆ ರೂಪಿಸಿದ್ದು. ಜರ್ಮನಿ, ಆಸ್ಟ್ರಿಯಾದವರು ಹೆಚ್ಚಾಗಿ ರೋಟರಿ ಹಿಡಿದರು, ಬ್ರಿಟಿಷರು ಪಿಸ್ಟನ್ ಹಿಡಿದರು. ನಮ್ಮ ಕಡೆಗೆ ಬ್ಯಾಂಡ್ ಬಂದದ್ದು ಬ್ರಿಟಿಷ್ ಪಲ್ಟನ್ನುಗಳ ಮೂಲಕ. ಬೆಂಗಳೂರು ದಂಡು 1809ರಷ್ಟು ಹಳೆಯದು. ಹೀಗೆ ಯಾರದೋ ಸೈನ್ಯದ ರೂಢಿ ನಮ್ಮ ಶ್ರೀನಿವಾಸಪುರದವರ ಬೆರಳಿನಲ್ಲಿ ಕೂತಿದೆ.

ಕಾಗದದ ಮೇಲೆ ರೋಟರಿಗೂ ಬಲವಿದೆ. ಬೆರಳು ಸ್ವಲ್ಪವೇ ಚಲಿಸಿದರೂ ಸಾಕು, ಸ್ವರದಿಂದ ಸ್ವರಕ್ಕೆ ಜಾರುವುದು ನಯ. ಆದರೆ ಕೆಟ್ಟರೆ ಬಿಚ್ಚಲು ತಿಳಿದವರು ಬೇಕು. ಪಿಸ್ಟನ್ ಹಾಗಲ್ಲ. ಮುಚ್ಚಳ ತಿರುಗಿಸಿ ಹೊರಗೆಳೆದು, ಬಟ್ಟೆಯಲ್ಲಿ ಒರೆಸಿ, ನಾಲ್ಕು ಹನಿ ಎಣ್ಣೆ ಬಿಟ್ಟು ಮತ್ತೆ ಇಳಿಸಿದರೆ ಮುಗಿಯಿತು. ಮೆರವಣಿಗೆ ದೇವಸ್ಥಾನದ ಮುಂದೆ ನಿಂತಷ್ಟು ಹೊತ್ತಿನಲ್ಲಿ ಆಗುವ ಕೆಲಸ. ನಮ್ಮ ನೆಲದ ಧೂಳು ಪಿಸ್ಟನ್ನಿಗೆ ಶತ್ರು, ನಿಜ. ಅಷ್ಟೇ ದೊಡ್ಡ ಶತ್ರು ನಮ್ಮ ನೀರು. ಸಾವಿರ ಅಡಿಗೂ ಕೆಳಗಿನ ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪದರವೇ ವಾಲ್ವಿನೊಳಗೂ ಕಟ್ಟುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ಆದರೆ ವಾದ್ಯ ತೊಳೆಯಲು ಅದೂ ಅಲ್ಲ. ಊರ ಶುದ್ಧನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರಬೇಕು. “ಮನುಷ್ಯರು ಕುಡಿಯೋ ನೀರೇ ಇದಕ್ಕೂ ಬೇಕಾ?” ಅಂದರು ಅತ್ತೆ. ಹೌದು, ಬೇಕು. ಯಾವ ವಾಲ್ವ್ ಚೆನ್ನ ಎನ್ನುವುದು ನಮ್ಮಲ್ಲಿ ಕೊನೆಗೆ ಯಾವುದನ್ನು ನಾವೇ ಬಿಚ್ಚಬಲ್ಲೆವು ಎಂಬ ಪ್ರಶ್ನೆಯಾಗುತ್ತದೆ. ಪಿಸ್ಟನ್ ಎಂದು ತೀರ್ಮಾನವಾಯಿತು.

ಲೇಪದ ಮಾತು ಇಷ್ಟು ಸುಲಭವಾಗಿ ಮುಗಿಯಲಿಲ್ಲ. ದಾರಿಗಳು ನಾಲ್ಕು: ಬರೀ ಹಿತ್ತಾಳೆ, ಅದರ ಮೇಲೆ ಪಾರದರ್ಶಕ ಲ್ಯಾಕರ್, ನಿಕಲ್ ಲೇಪ, ಬೆಳ್ಳಿ ಲೇಪ. ಬರೀ ಹಿತ್ತಾಳೆ ಅಗ್ಗ, ಆದರೆ ಬೆವರು ತಾಕಿದಲ್ಲೆಲ್ಲ ಕಪ್ಪಾಗುತ್ತದೆ. ನಮ್ಮ ಸೀಮೆಯಲ್ಲಿ ಹುಣಸೆಹಣ್ಣಿಗೆ ಬರವಿಲ್ಲ, ಅತ್ತೆ ಬಿಂದಿಗೆ ತಿಕ್ಕುವ ಹಾಗೆ ತಿಕ್ಕಬಹುದು. ಲ್ಯಾಕರ್ ಇದ್ದರೆ ಮಾತ್ರ ಹಿತ್ತಾಳೆ ತಿಕ್ಕುವ ಪುಡಿ, ಪಾಲಿಷ್ ಯಾವುದನ್ನೂ ಹತ್ತಿರ ತರಬಾರದು. ತಿಕ್ಕಿದರೆ ಲ್ಯಾಕರೇ ಎದ್ದು ಹೋಗುತ್ತದೆ, ಒದ್ದೆ ಬಟ್ಟೆಯಲ್ಲಿ ಬೆವರು ಒರೆಸಿದರೆ ಸಾಕು. ನಿಕಲ್ ಗಟ್ಟಿ, ಬೇಗ ಮಾಸದು, ಆದರೆ ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ ಬರುತ್ತದೆ. ಬೆಳ್ಳಿಯ ಹೊಳಪಿಗೆ ಸಾಟಿಯಿಲ್ಲ. ಆದರೆ ಗಂಧಕ ತಾಕಿದರೆ ಕಪ್ಪಾಗುತ್ತದೆ, ಪ್ರತಿ ಸಲ ಉಜ್ಜಿದಾಗಲೂ ಲೇಪ ತೆಳುವಾಗುತ್ತದೆ. ಪಟಾಕಿಯ ಹೊಗೆಯಲ್ಲೇ ದುಡಿಯುವ ವಾದ್ಯಕ್ಕೆ ಇದು ಸಣ್ಣ ವಿಷಯವಲ್ಲ.

ಮಾವನಿಗೆ ಬೆಳ್ಳಿಯೇ ಬೇಕಿತ್ತು. ಇಷ್ಟು ತೆಳ್ಳನೆಯ ಲೇಪದಿಂದ ಕೇಳುವವರ ಕಿವಿಗೆ ವ್ಯತ್ಯಾಸವೇನೂ ಆಗದು ಎಂದೆ.

“ಸೌಂಡು ಅದೇ ಅಂತ ನಂಗೂ ಗೊತ್ತು ಕಣಮ್ಮ. ಊದೋನು ನಾನು, ನೋಡೋರು ಅವ್ರು.”

ಆ ‘ಅವ್ರು’ ಎಂಬ ಪದದಲ್ಲಿ ನಮ್ಮ ಮನೆಯ ಮೂರು ತಲೆಮಾರಿದೆ. ತಾತ ನೀರುಗಂಟಿ ಅಷ್ಟೇ ಅಲ್ಲ, ಸಾವಿಗೆ, ಜಾತ್ರೆಗೆ ತಮಟೆ ಬಾರಿಸುತ್ತಿದ್ದವರು. ಕರೆದ ಮನೆಯ ಅಂಗಳ ದಾಟಿದವರಲ್ಲ, ಊಟವೂ ಹೊರಗೇ. ಮಾವ ಬ್ಯಾಂಡ್ ಕಟ್ಟಿದ್ದು ಸಂಗೀತದ ಹುಚ್ಚಿಗೆ ಎಷ್ಟೋ, ಆ ಅಂಗಳ ದಾಟುವುದಕ್ಕೂ ಅಷ್ಟೇ. ಕೆಂಪು ಕೋಟು, ಭುಜದ ಮೇಲೆ ಜರಿ, ಹೊಳೆಯುವ ಹಿತ್ತಾಳೆ ಇವೆಲ್ಲ ಬಂದ ಮೇಲೆ ಅದೇ ಊರಿನವರು ‘ಮಾಸ್ಟ್ರೇ’ ಎಂದು ಕರೆದರು. ಗ್ರೆಗರಿ ಬೂತ್ ಭಾರತದ ಮದುವೆ ಬ್ಯಾಂಡುಗಳ ಬಗ್ಗೆ 2005ರಲ್ಲಿ ಬರೆದ ‘ಬ್ರಾಸ್ ಬಾಜಾ’ ಪುಸ್ತಕವನ್ನು ನನ್ನ ಪ್ರಬಂಧಕ್ಕಾಗಿ ಎಷ್ಟು ಸಲ ತಿರುವಿದ್ದೇನೋ ಲೆಕ್ಕವಿಲ್ಲ. ಲೇಪವೆಂದರೆ ಮಾವನಿಗೆ ಏನು ಎನ್ನುವುದನ್ನು ಅರಿಯಲು ಮಾತ್ರ ಅವರ ಕೋಟಿನ ಮಡಿಕೆಯನ್ನು ಅತ್ತೆ ಇಸ್ತ್ರಿ ಮಾಡುವುದನ್ನು ನೋಡಿದರೆ ಸಾಕು.

ಕಾಲ ಇನ್ನೊಂದು ಕಡೆಯಿಂದಲೂ ತಿರುಗಿದೆ. ಶಿಡ್ಲಘಟ್ಟ ತಾಲ್ಲೂಕು 2007ರವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೆ. ಆ ಸುದ್ದಿ ಬಂದ ದಿನ ಮಾವ ತುಂಬ ಹೊತ್ತು ಮಾತಾಡಲಿಲ್ಲ. ಅವರ ಮಗ ಕಾಲೇಜಿನಲ್ಲಿ ತಮಟೆ ತಂಡ ಸೇರಿದ್ದಾನೆ, ಬಹುಮಾನವನ್ನೂ ತಂದಿದ್ದಾನೆ. ತಾನು ಇಳಿಸಿಟ್ಟದ್ದನ್ನು ಮಗ ಹೆಮ್ಮೆಯಿಂದ ಎತ್ತಿಕೊಂಡಾಗ ಅಪ್ಪ ಸಂತೋಷಪಡಬೇಕೋ ಬೇಡವೋ? ನನ್ನ ಸಂಶೋಧನೆಯ ಯಾವ ಅಧ್ಯಾಯದಲ್ಲೂ ಇದಕ್ಕೆ ಉತ್ತರ ಬರೆಯಲಾಗಿಲ್ಲ. ವೇದಿಕೆಯ ಮೇಲಿನ ತಮಟೆಗೆ ಚಪ್ಪಾಳೆ ಬೀಳುತ್ತದೆ. ಹಳ್ಳಿಯ ಸಾವಿನ ಮನೆಯ ಮುಂದಿನ ತಮಟೆಗೂ ಅದೇ ಗೌರವ ಸಿಗುವ ತನಕ ಮಾವನ ಹೊಳಪಿನ ಆಸೆಯನ್ನು ಒಣ ಪ್ರತಿಷ್ಠೆ ಎನ್ನುವುದು ನನ್ನಿಂದಾಗದು.

ಕೊನೆಗೆ ಇತ್ಯರ್ಥ ಮಾಡಿದ್ದು ಅತ್ತೆ. “ಕಂತು ಕಟ್ಟೋಳು ನಾನು. ಮೈಯೆಲ್ಲಾ ಬೆಳ್ಳಿ ಬೇಡ. ಜನಕ್ಕೆ ಕಾಣೋದು ಬಾಯಿ ತಾನೇ, ಅದನ್ನ ಹೊಳೆಯೋ ಹಂಗೆ ಮಾಡಿಸಿ.” ಸೂಸಾಫೋನಿನ ಅಗಲವಾದ ಬಾಯಿ ಜನರ ಕಡೆಗೇ ಮುಖ ಮಾಡಿರುತ್ತದೆ. ಅದಕ್ಕೆ ನಿಕಲ್. ಮೈಗೆ ಲ್ಯಾಕರ್ ಹಾಕಿದ ಹಿತ್ತಾಳೆ. ತುಟಿ ತಾಕುವ ಸಣ್ಣ ಬಟ್ಟಲಿಗೆ ಮಾತ್ರ ಬೆಳ್ಳಿ. ವಾಲ್ವ್ ಮೂರು, ಪಿಸ್ಟನ್. ಆ ರಾತ್ರಿ ಆರ್ಡರಿನ ಚೀಟಿಯನ್ನು ನಾನೇ ಬರೆದೆ.

ವಾದ್ಯ ಬಂದು ಒಂದು ಸುಗ್ಗಿ ಕಳೆದಿದೆ. ಮಾವಿನ ಕಾಲದ ಮದುವೆಗಳು ಮುಗಿದಿವೆ. ಸಾಲದ ಕಂತು ಇನ್ನೂ ಇದೆ, ಡಿಜೆಯೂ ಇದೆ. ಮಗ ಪಿಸ್ಟನ್ ಬಿಚ್ಚಿ ಒರೆಸುವುದನ್ನು ಕಲಿತಿದ್ದಾನೆ, ಊದುವುದನ್ನಿನ್ನೂ ಇಲ್ಲ. ಕ್ಯಾನ್ ನೀರು ತರುವ ಕೆಲಸ ಅವನದೇ. ನಿಮ್ಮೂರಿನಲ್ಲಿ ಮೆರವಣಿಗೆ ಬಂದರೆ ಹಿಂದಿನ ಸಾಲಿನ ಕಡೆಗೂ ಒಮ್ಮೆ ನೋಡಿ. ಆ ಹೊಳಪನ್ನು ನಿಮ್ಮ ಕಣ್ಣಿಗಾಗಿಯೇ ಯಾರೋ ಲೆಕ್ಕ ಹಾಕಿ, ಸಾಲ ಮಾಡಿ ಆರಿಸಿರುತ್ತಾರೆ.