ದಾರಿಯಲ್ಲ, ರೂಢಿ

ಸೈಟ್ ಪ್ಲಾನ್ ಬರೆಯುವವನಿಗೆ ನೆಂಟರು ಜಾಸ್ತಿ. ತುಮಕೂರಿನ ಒಂದು ಎಂಜಿನಿಯರ್ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ ಮೇಲೆ, ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಪಾಯಸ ಬರುವ ಮುಂಚೆಯೇ ಸೆಟ್‌ಬ್ಯಾಕ್ ಎಷ್ಟು ಬಿಡಬೇಕು ಎಂದು ಕೇಳುತ್ತಾರೆ. ಹಾಗಾಗಿ ತಿಪಟೂರು ಕಡೆಯ ನನ್ನ ಸೋದರಮಾವ ಫೋನು ಮಾಡಿ, "ನಮ್ದೊಂದು ಪ್ಲಾನ್ ಬರ್ಕೊಡೋ, ಒಂದಿನದ ಕೆಲಸ" ಎಂದಾಗ ಆಶ್ಚರ್ಯವೇನೂ ಆಗಲಿಲ್ಲ.

ಮಾವ ಮೇಷ್ಟ್ರಾಗಿ ನಿವೃತ್ತರು. ಭಾಗದಲ್ಲಿ ಬಂದ 20 ಗುಂಟೆಯಲ್ಲಿ ಮನೆ ಕಟ್ಟಬೇಕೆಂಬುದು ಅವರ ಬಹಳ ವರ್ಷಗಳ ಆಸೆ. ಬ್ಯಾಂಕಿನವರು ಕಾಗದಪತ್ರ ಸರಿಯಾಗಿದ್ದರೆ ಮಾತ್ರ ಸಾಲ ಎಂದಿದ್ದರು. ಸಾಗುವಳಿ ಜಮೀನನ್ನು ವಾಸಕ್ಕೆ ಬಳಸಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಬೇಕಾದ ಪರಿವರ್ತನೆಯ ಆದೇಶ ಆಗಲೇ ಕೈಗೆ ಬಂದಿತ್ತು. ಉಳಿದದ್ದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಪ್ರಾಧಿಕಾರದಿಂದ ನಕ್ಷೆಗೆ ಒಪ್ಪಿಗೆ. ಅದಕ್ಕೆ ನಾನು.

ಭಾನುವಾರ ಹೋಗಿ ಅಳೆದೆವು. ಟೇಪಿನ ಒಂದು ತುದಿ ಮಾವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಗುಂಟೆ ಎಂದರೆ 33 ಅಡಿಗೆ 33 ಅಡಿ, 1089 ಚದರಡಿ. ಮಾವನ ಜಮೀನು ಪೂರ್ವ ಪಶ್ಚಿಮ 165 ಅಡಿ, ಉತ್ತರ ದಕ್ಷಿಣ 132 ಅಡಿ. ಗುಣಿಸಿದರೆ ಸರಿಯಾಗಿ 20 ಗುಂಟೆ. ಮೇಷ್ಟ್ರ ಜಮೀನೂ ಲೆಕ್ಕಕ್ಕೆ ತಪ್ಪುವುದಿಲ್ಲ ಎಂದು ತಮಾಷೆ ಮಾಡಿದೆ. ಚೆಕ್ಕುಬಂದಿ ಬರೆದುಕೊಂಡೆ. ಪಶ್ಚಿಮಕ್ಕೆ ರಸ್ತೆ, ಉಳಿದ ಮೂರು ಕಡೆ ತೆಂಗಿನ ತೋಟಗಳು. ಬೋರ್‌ವೆಲ್, ಕರೆಂಟು ಕಂಬ, ಒಂದು ಹುಣಸೆಮರ. ಮೂರು ಬಾಂದುಕಲ್ಲು ಸಿಕ್ಕವು, ನಾಲ್ಕನೆಯದನ್ನು ಹುತ್ತ ನುಂಗಿತ್ತು.

ಇಷ್ಟೆಲ್ಲ ಬರೆದುಕೊಳ್ಳುವಾಗ ಕಾಲ ಕೆಳಗೇ ಇದ್ದ ಒಂದನ್ನು ಬರೆದುಕೊಳ್ಳಲಿಲ್ಲ. ಈಶಾನ್ಯದ ಮೂಲೆಯಿಂದ ನೈರುತ್ಯದ ಮೂಲೆಗೆ, ಜಮೀನಿನ ನಡುವೆ, ಹುಲ್ಲು ಸತ್ತು ಬೆಳ್ಳಗಾದ ಒಂದು ಗೆರೆ. ಹಿಂದಿನ ತೋಟದಲ್ಲಿ ಮೂರು ಮನೆಗಳಿವೆ. ಅಲ್ಲಿಯವರು ಊರಿಗೆ ಬರುವುದು, ಮಕ್ಕಳು ಸ್ಕೂಲಿಗೆ ಹೋಗುವುದು, ಆಡುಗಳು ಬೀಡು ಸೇರುವುದು ಎಲ್ಲ ಅಲ್ಲೇ.

"ಮಾವ, ಇದು?"

"ಅದು ದಾರಿಯಲ್ಲ ಕಣೋ, ರೂಢಿ."

ಊರ ನಕಾಶೆಯಲ್ಲಿ ಕಾಲುದಾರಿಗೆ ಚುಕ್ಕಿಗೆರೆ ಇರುತ್ತದೆ. ಹಾಳೆ ಬಿಡಿಸಿ ನೋಡಿದೆ, ಇಲ್ಲಿ ಇರಲಿಲ್ಲ. ನಕಾಶೆ ಆದ ಎಷ್ಟೋ ಕಾಲದ ಮೇಲೆ ಆ ಮನೆಗಳು ಬಂದಿವೆ, ಸರ್ವೆಯವರು ತಾನೇ ಏನು ಮಾಡಿಯಾರು. ಮನೆ ಬರಬೇಕಾದ್ದು ಮಾತ್ರ ಸರಿಯಾಗಿ ಆ ಗೆರೆಯ ಮೇಲೆಯೇ. ಬೋರ್‌ವೆಲ್, ಕರೆಂಟು ತಂತಿ, ವಾಸ್ತು ಮೂರೂ ಸೇರಿ ಬೇರೆ ಜಾಗ ಉಳಿಸಿರಲಿಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು ನಾನೇಕೆ ಬರೆಯಲಿ ಎಂದುಕೊಂಡು, 1:200ರ ಅಳತೆಯಲ್ಲಿ ಅಚ್ಚುಕಟ್ಟಾದ ಹಾಳೆ ತಯಾರು ಮಾಡಿದೆ. ಹುಣಸೆಮರಕ್ಕೆ ಎಲೆಯ ಗುರುತನ್ನೂ ಹಾಕಿದೆ. ನಿಜ ಹೇಳಬೇಕೆಂದರೆ, ಮಾವನ ಮುಂದೆ ವಾದಿಸುವ ಧೈರ್ಯ ಇರಲಿಲ್ಲ. ನನ್ನ ಡಿಪ್ಲೊಮಾಗೆ ಫೀಸು ಕಟ್ಟಿದವರು ಅವರು.

ಉತ್ತರದ ಬದಿಯ ಅಳತೆ ಹಳೆಯ ಟಿಪ್ಪಣಿಗೆ ಒಂದು ಆಣೆ ಹೊಂದಲಿಲ್ಲ. ಟಿಪ್ಪಣಿಯಲ್ಲಿ ಅಡಿ ಇಲ್ಲ. 33 ಅಡಿಯ ಒಂದು ಸರಪಳಿಗೆ 16 ಆಣೆ, ಆಣೆ ಎಂದರೆ ಎರಡು ಅಡಿ ಚಿಲ್ಲರೆ. ಹಾಳೆ ಹಿಡಿದು ಮತ್ತೆ ಹೋದೆ. ಮಾವ ಬ್ಯಾಂಕಿಗೆ ಹೋಗಿದ್ದರು. ಆಡು ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರನ್ನು ಟೇಪು ಹಿಡಿಯಿರಿ ಎಂದು ಕೇಳಿದೆ. ಕಲ್ಲಿನ ಮೇಲೆ ಒತ್ತಿ ಹಿಡಿದರು, ಮಾವನಿಗಿಂತ ಚೆನ್ನಾಗಿ. ಅಳತೆ ಹೊಂದಿತು. ಆಮೇಲೆ ಹಾಳೆಯ ಮೇಲೆ ಬಗ್ಗಿ, "ಇದೇನ್ಲಾ ಮಗ, ಮರಾನ?" ಎಂದರು.

"ಹೂಂ ಅಜ್ಜಿ, ಹುಣಸೆಮರ. ಇದು ಬೋರು. ಇದು ರೋಡು."

"ನಮ್ ದಾರಿ ಎಲ್ಲೈತೆ?"

ನನ್ನ ಬೆರಳು ಹಾಳೆಯ ಮೇಲೆ ಇನ್ನೂ ಇತ್ತು. ಅದನ್ನು ಎಲ್ಲಿಗೆ ಸರಿಸಬೇಕೋ ತಿಳಿಯಲಿಲ್ಲ. "ಇನ್ನೂ ಬರೆದಿಲ್ಲ ಅಜ್ಜಿ" ಎಂದುಬಿಟ್ಟೆ. ಅರ್ಧ ಸುಳ್ಳು. ಅವರು ನಂಬಿ ಹೊರಟರು, ಆ ಗೆರೆಯ ಮೇಲೆಯೇ.

ರಾತ್ರಿ ಕರ್ಣ ಲೆಕ್ಕ ಹಾಕಿದೆ. ಆ ದಾರಿ 211 ಅಡಿ. ಉತ್ತರದ ಅಂಚಿನಲ್ಲಿ ರಸ್ತೆಯವರೆಗೆ 3 ಅಡಿ ಬಿಟ್ಟರೆ 495 ಚದರಡಿ, ಅರ್ಧ ಗುಂಟೆಯೂ ಅಲ್ಲ. ಅಲ್ಲಿ ಹೇಗೂ ಸೆಟ್‌ಬ್ಯಾಕ್ ಎಂದು ಖಾಲಿ ಬಿಡಲೇಬೇಕು. ನನ್ನ ಹಾಳೆಯ ಮೇಲೆ ಅದು ನಾಲ್ಕೂವರೆ ಮಿಲಿಮೀಟರ್. ಈಗಿರುವ ಕಾಲುದಾರಿಯನ್ನು ಚುಕ್ಕಿಗೆರೆಯಲ್ಲಿ, ಬದಲಿ ದಾರಿಯನ್ನು ಅಂಚಿನಲ್ಲಿ ತೋರಿಸಿ ಮಾವನಿಗೆ ಕಳಿಸಿದೆ.

ಫೋನು ತಕ್ಷಣ ಬಂತು. "ಬರೆದುಕೊಟ್ರೆ ಅವರಿಗೆ ಹಕ್ಕಾಗುತ್ತೆ. ನಾಳೆ ಬೇಲಿ ಹಾಕೋಕೂ ಅವರನ್ನ ಕೇಳ್ಬೇಕು." ಅವರ ಭಯ ಸುಳ್ಳೇನಲ್ಲ. ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂಬಂತೆ ಇಪ್ಪತ್ತು ವರ್ಷ ನಡೆದ ದಾರಿಗೆ ಹಕ್ಕು ಹುಟ್ಟುತ್ತದೆ ಎಂದು 1882ರ ಈಸ್‌ಮೆಂಟ್ ಕಾಯ್ದೆ ಹೇಳುತ್ತದೆ. ಆದರೆ ಆ ಇಪ್ಪತ್ತು ವರ್ಷ ಎಣಿಸುವುದು ಕಾಲುಗಳನ್ನು, ನನ್ನ ಗೆರೆಯನ್ನಲ್ಲ ಎಂದೆ. "ನೀನು ಪ್ಲಾನ್ ಬರಿ, ಕಾನೂನು ಬೇಡ" ಎಂದು ಫೋನಿಟ್ಟರು.

ಮೂರು ದಿನ ಮಾತಿಲ್ಲ. ಬೇರೆಯವರ ಹತ್ತಿರ ಬರೆಸಿಕೊಳ್ಳುತ್ತಾರೆ ಎಂದೇ ಅಂದುಕೊಂಡಿದ್ದೆ. ನಾಲ್ಕನೆಯ ದಿನ ಅತ್ತೆ ಫೋನು ಮಾಡಿದರು. "ನಮ್ಮನೆಗೆ ಹಾಲು ಬರೋದು ಆ ದಾರೀಲೇ ಕಣೋ. ಬೇಲಿ ಹಾಕಿದ್ರೆ ಡೈರಿಗೆ ನೀವೇ ಹೋಗಿ ಅಂದಿದೀನಿ ನಿಮ್ಮಾವಂಗೆ." ಹಿಂದಿನಿಂದ ಮಾವನ ದನಿ ಕೇಳಿಸಿತು: "ಅಂಚಿಗೆ ಹಾಕೋಕೆ ಹೇಳು. ಮೂರೇ ಅಡಿ. ನಾಲ್ಕಾಗಬಾರದು."

ಅಜ್ಜಿಗೆ ತಿಳಿಸಿದಾಗ ಅವರೇನೂ ಹಿಗ್ಗಲಿಲ್ಲ. "ಸುತ್ತಾಯ್ತದಲ್ಲಪ್ಪ" ಎಂದರು. ಹೌದು. ಅಂಚಿನಲ್ಲಿ ನಡೆದು ರಸ್ತೆಯಲ್ಲಿ ಇಳಿದರೆ ಊರ ಕಡೆಯ ಮೂಲೆಗೆ 297 ಅಡಿ. ಹೋಗುವಾಗ 86 ಅಡಿ ಹೆಚ್ಚು, ಬರುವಾಗ ತಲೆಯ ಮೇಲೆ ಹುಲ್ಲಿನ ಹೊರೆಯೊಂದಿಗೆ ಇನ್ನೊಂದು 86. ಅದಕ್ಕೆ ನನ್ನ ಹಾಳೆಯಲ್ಲಿ ಉತ್ತರ ಇರಲಿಲ್ಲ. "ಹೋಗ್ಲಿ ಬಿಡು, ಮುಚ್ಚದಿದ್ರೆ ಸಾಕು" ಎಂದು ಆಡನ್ನು ಗದರಿದರು.

ನಕ್ಷೆಗೆ ಒಪ್ಪಿಗೆ ಸಿಕ್ಕಿತು. ಮೊನ್ನೆ ಹೋದಾಗ ಪಾಯ ತೋಡಿದ್ದರು. ಉತ್ತರದ ಅಂಚಿನ ಮೂರು ಅಡಿಯಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಪಾಯದ ಗುಂಡಿಗೆ ಅಡ್ಡಲಾಗಿ, ಹಳೆಯ ಗೆರೆ ಹಾದುಹೋಗುವ ಜಾಗದಲ್ಲೇ, ಯಾರೋ ಒಂದು ತೆಂಗಿನ ಕಾಂಡ ಇಟ್ಟಿದ್ದರು. ಮಾವ ಪಂಚೆ ಎತ್ತಿ ಕಟ್ಟಿ, ಹಾಲಿನ ಕ್ಯಾನು ಹಿಡಿದು, ಅದರ ಮೇಲೆ ಹುಷಾರಾಗಿ ದಾಟಿ ಬರುತ್ತಿದ್ದರು.