ಪರದೆಯೋ, ಗಾಳಿಯೋ?

2023ರ ಬೇಸಿಗೆಯಲ್ಲಿ ನಾವಿಬ್ಬರೂ ಮಗಳ ಮನೆಗೆಂದು ಅಮೆರಿಕದ ಫ್ಲಾರಿಡಾಕ್ಕೆ ಹೋಗಿದ್ದೆವು. ಡೊಂಬಿವಲಿಯಿಂದ ಹೊರಡುವಾಗ ನೆರೆಮನೆಯವರು, “ಒರ್ಲ್ಯಾಂಡೊ ನೋಡದೆ ಬಂದೀರಿ, ಜೋಕೆ!” ಎಂದು ಕಟ್ಟಪ್ಪಣೆ ಮಾಡಿದ್ದರು. ನೋಡಿಯೇ ಬಂದೆವು. ಆದರೆ ಈಗ ಬರೆಯಹೊರಟಿರುವುದು ಪ್ರವಾಸಕಥನವಲ್ಲ. ಮಗಳ ಮನೆಯ ಊಟದ ಮೇಜಿನಲ್ಲಿ ನಡೆದ ಒಂದು ಜಗಳದ ವರದಿ.

ಜಗಳ ನಮ್ಮ ಅಳಿಯಂದಿರಿಗೂ ಹದಿನೈದು ವರ್ಷದ ಹಿರಿಯ ಮೊಮ್ಮಗನಿಗೂ. ವಿಷಯವೇನೆಂದರೆ, ಥೀಮ್ ಪಾರ್ಕುಗಳಲ್ಲಿ ಪರದೆಯ ಸವಾರಿಗಳು ಅತಿಯಾದವೇ ಎಂಬುದು. ಆಟದ ವಿಚಾರಕ್ಕೆ ಇಷ್ಟು ಗದ್ದಲವೇ ಎಂದು ನಮಗೆ ಮೊದಲು ನಗು ಬಂತು. ಆಮೇಲೆ ತಿಳಿಯಿತು, ಇದು ಒಂದು ಮನೆಯ ಜಗಳವಲ್ಲ. ಈ ಪಾರ್ಕುಗಳ ಅಭಿಮಾನಿಗಳೆಲ್ಲ ವರ್ಷಗಳಿಂದ ಎರಡು ಪಕ್ಷವಾಗಿ ವಾದಿಸುತ್ತಿದ್ದಾರೆ ಎಂದು.

ಪರದೆಯ ಸವಾರಿಯೆಂದರೆ ಇಷ್ಟೆ. ನಾವು ಕುಳಿತ ಗಾಡಿ ಹೆಚ್ಚುಕಡಿಮೆ ಇದ್ದಲ್ಲಿಯೇ ಓಲಾಡುತ್ತದೆ. ಎದುರಿನ ದೊಡ್ಡ ಪರದೆಯ ಮೇಲೆ ಬೀದಿ, ಬೆಟ್ಟ, ಆಕಾಶ ಓಡುತ್ತವೆ. ಓಡಿದವರು ನಾವೇ ಎಂದು ಮನಸ್ಸು ನಂಬುತ್ತದೆ. 1987ರಲ್ಲಿ ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ ‘ಸ್ಟಾರ್ ಟೂರ್ಸ್’ ಬಂದಾಗ ಜನ ಬೆರಗಾದರು. ಆದರೆ ಒರ್ಲ್ಯಾಂಡೊದ ಯೂನಿವರ್ಸಲ್ ಪಾರ್ಕುಗಳಲ್ಲಿ 2013ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’, 2016ರಲ್ಲಿ ಕಾಂಗ್, 2017ರಲ್ಲಿ ಜಿಮ್ಮಿ ಫ್ಯಾಲನ್, 2018ರಲ್ಲಿ ‘ಫಾಸ್ಟ್ ಅಂಡ್ ಫ್ಯೂರಿಯಸ್’ ಎಂದು ಒಂದರ ಹಿಂದೊಂದು ಪರದೆಗಳೇ ಬಂದಾಗ, ಅಭಿಮಾನಿಗಳು “ಸಾಕಪ್ಪಾ ಸಾಕು” ಎಂದರು.

ಮೊಮ್ಮಗ ಆ ಪಕ್ಷದ ವಕೀಲ. “ಅಜ್ಜ, 1990ರಿಂದ 2002ರ ತನಕ ಇಲ್ಲಿ ನಿಜವಾದ ಕಾಂಗ್ ಇತ್ತು. ದೈತ್ಯಾಕಾರದ ಯಂತ್ರದ ಗೊರಿಲ್ಲ. ಅದು ಉಸಿರು ಬಿಟ್ಟರೆ ಬಾಳೆಹಣ್ಣಿನ ವಾಸನೆ ಬರುತ್ತಿತ್ತು! ಹೊಸ ಕಾಂಗ್ ಸವಾರಿಯಲ್ಲಿ ಉದ್ದಕ್ಕೂ ಕನ್ನಡಕ ಹಾಕಿಕೊಂಡು ಪರದೆ ನೋಡಬೇಕು. ಕೊನೆಯಲ್ಲಿ ಒಂದು ನಿಜವಾದ ಕಾಂಗ್ ಎದುರಾಗುತ್ತದೆ. ಹೊರಗೆ ಬಂದವರೆಲ್ಲ ಮಾತಾಡುವುದು ಅದರ ಬಗ್ಗೆಯೇ.”

“ಆ ಹಳೆಯ ಕಾಂಗನ್ನು ನೀನು ನೋಡಿದ್ದೆಲ್ಲಿ?” ಎಂದರು ಅಳಿಯಂದಿರು.

ಹುಡುಗ ತಡವರಿಸಿದ. “ಯೂಟ್ಯೂಬಿನಲ್ಲಿ.”

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಪರದೆಯ ವಿರೋಧಿಗೂ ಸಾಕ್ಷಿ ಒದಗಿಸಿದ್ದು ಪರದೆಯೇ!

ಅಳಿಯಂದಿರ ವಾದವೂ ತಳ್ಳಿಹಾಕುವಂಥದಲ್ಲ. ಫ್ಲಾರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಗುಡುಗು, ಸಿಡಿಲು. ಬಯಲಿನ ಸವಾರಿಗಳನ್ನು ಆಗ ನಿಲ್ಲಿಸಲೇಬೇಕು. ಪರದೆಯ ಸವಾರಿ ಸೂರಿನಡಿ ನಿಶ್ಚಿಂತೆಯಾಗಿ ನಡೆಯುತ್ತದೆ. ಹಳತಾದರೆ ಚಿತ್ರ ಬದಲಾಯಿಸಿದರಾಯಿತು. ‘ಸ್ಟಾರ್ ಟೂರ್ಸ್’ 2011ರಲ್ಲಿ ಹೊಸ ಚಿತ್ರಗಳೊಡನೆ ಮತ್ತೆ ತೆರೆಯಿತು. ಯಂತ್ರದ ಬೊಂಬೆಗಳ ಕಷ್ಟ ಬೇರೆ. 1990ರ ‘ಜಾಸ್’ ಸವಾರಿಯ ತಿಮಿಂಗಿಲದಂಥ ಶಾರ್ಕು ನೀರಿನಲ್ಲಿ ಕೆಟ್ಟು ನಿಂತು, ಎಲ್ಲವನ್ನೂ ಮತ್ತೆ ಕಟ್ಟಿ 1993ರಲ್ಲಿ ತೆರೆಯಬೇಕಾಯಿತು. 2006ರಲ್ಲಿ ಡಿಸ್ನಿಯವರು ಹಿಮಾಲಯದ ಯೇತಿಯನ್ನೇ ಮಾಡಿ ನಿಲ್ಲಿಸಿದರು. ಸವಾರರ ಮೇಲೆ ಕೈಬೀಸಬೇಕಾದ ಆ ಯೇತಿ ಸ್ವಲ್ಪ ಕಾಲದಲ್ಲೇ ಅಲುಗದೆ ನಿಂತಿತು. ಮಿಣುಕು ದೀಪ ಹಾಯಿಸಿ ಅದು ಚಲಿಸಿದಂತೆ ತೋರಿಸಿದರು. ಅಭಿಮಾನಿಗಳು ‘ಡಿಸ್ಕೊ ಯೇತಿ’ ಎಂದು ಹೆಸರಿಟ್ಟು ನಕ್ಕರು.

ಇಬ್ಬರೂ ನಮ್ಮನ್ನೇ ಪಂಚರನ್ನಾಗಿ ಮಾಡಿದರು. ಕಂಡರೂ ಪ್ರಮಾಣಿಸಿ ನೋಡಬೇಕೆಂದು ಹಿರಿಯರು ಹೇಳಿದ್ದಾರಲ್ಲ, ಹೊರಟೆವು.

ಒಂದು ಪರದೆಯ ಸವಾರಿಯಲ್ಲಿ ನಮ್ಮಲ್ಲೊಬ್ಬರಿಗೆ ತಲೆ ಸುತ್ತಿತು. ಯಾರಿಗೆಂದು ಬರೆಯುವುದಿಲ್ಲವೆಂದು ಮಾತು ಕೊಟ್ಟಾಗಿದೆ. ಕಣ್ಣು ‘ಹಾರುತ್ತಿದ್ದೇನೆ’ ಎನ್ನುತ್ತದೆ, ಕಿವಿಯೊಳಗಿನ ತೂಕದ ಅಂಗ ‘ಕುಳಿತಿದ್ದೇನೆ’ ಎನ್ನುತ್ತದೆ. ಇಬ್ಬರ ಸಾಕ್ಷಿ ಕೂಡಿಬರದಿದ್ದರೆ ಹೊಟ್ಟೆ ತೊಳಸುತ್ತದೆ. ಆದರೆ 1999ರ ‘ಸ್ಪೈಡರ್ ಮ್ಯಾನ್’ ಸವಾರಿಯಲ್ಲಿಯೂ ಪರದೆಗಳಿವೆ. ಅಲ್ಲಿ ಗಾಡಿ ಕಟ್ಟಿದ ಬೀದಿಗಳ ನಡುವೆ ನಿಜವಾಗಿ ಚಲಿಸುತ್ತದೆ. ಬೆಂಕಿಯ ಕಾವು ಮುಖಕ್ಕೆ ತಾಗುತ್ತದೆ, ನೀರು ಸಿಡಿಯುತ್ತದೆ. ಅಲ್ಲಿ ನಮಗೆ ಪರದೆ ಮರೆತೇಹೋಯಿತು. ತಪ್ಪು ಪರದೆಯದಲ್ಲ, ಬರೇ ಪರದೆಯನ್ನೇ ನೆಚ್ಚಿಕೊಂಡದ್ದರಲ್ಲಿದೆ ಎಂದು ತೀರ್ಪು ಕೊಟ್ಟೆವು. ಇಬ್ಬರೂ ತಾವೇ ಗೆದ್ದೆವೆಂದುಕೊಂಡರು.

ಕೊನೆಗೆ 2019ರಲ್ಲಿ ಬಂದ ‘ಹ್ಯಾಗ್ರಿಡ್’ ಮೋಟಾರ್‌ಸೈಕಲ್ ಸವಾರಿಯ ಬಾಗಿಲಿಗೆ ಬಂದೆವು. ಬಯಲಿನಲ್ಲಿ ಉಕ್ಕಿನ ಹಳಿ. ಏಳು ಸಲ ಗಾಡಿಯನ್ನು ಚಿಮ್ಮಿ ಬಿಡುತ್ತಾರೆ. ಗಂಟೆಗೆ 50 ಮೈಲಿಯ ವೇಗ. ಬಾಗಿಲಲ್ಲಿ ಒಂದು ಅಳತೆಗೋಲು. 48 ಅಂಗುಲಕ್ಕೆ ಕಡಿಮೆಯಿದ್ದವರಿಗೆ ಪ್ರವೇಶವಿಲ್ಲ.

ಏಳು ವರ್ಷದ ಕಿರಿಯ ಮೊಮ್ಮಗ ಕೋಲಿನ ಕೆಳಗೆ ಉಸಿರು ಬಿಗಿಹಿಡಿದು ನಿಂತ. ನಾವೂ ಉಸಿರು ಬಿಗಿಹಿಡಿದೆವು. ಅವನನ್ನು ಮುಟ್ಟಿ ನೋಡಿದ್ದು 2019ರಲ್ಲಿ, ಅವನಿಗೆ ಮೂರು ವರ್ಷವಿದ್ದಾಗ. ಆಮೇಲೆ ಕೋವಿಡ್ ಬಂತು. ನಾಲ್ಕು ವರ್ಷ ಪ್ರತಿ ಭಾನುವಾರ ಫೋನಿನ ಪರದೆಯಲ್ಲಿಯೇ ಕಂಡೆವು. ಹಲ್ಲು ಬಿದ್ದದ್ದನ್ನೂ ಹೊಸ ಹಲ್ಲು ಬಂದದ್ದನ್ನೂ ಬಲ್ಲೆವು. ಎತ್ತರ ಮಾತ್ರ ತಿಳಿದಿರಲಿಲ್ಲ. ಪರದೆಯಲ್ಲಿ ಮುಖವಷ್ಟೇ ಕಾಣುತ್ತದೆ. ಅಂದಾಜಿನ ಮೇಲೆ ಹೊಲಿಸಿ ತಂದಿದ್ದ ಎರಡು ಅಂಗಿಗಳೂ ಬಂದ ದಿನವೇ ಗಿಡ್ಡವಾಗಿ, ಮಗಳ ಕಪಾಟು ಸೇರಿದ್ದವು.

ಅವನ ತಲೆ ಕೋಲಿಗೆ ತಾಗಿತು. ಒಂದು ಬೆರಳಿನಷ್ಟು ಹೆಚ್ಚೇ ಇತ್ತು.

ತಲೆ ಸುತ್ತದಿದ್ದವರು ಅವನ ಜೊತೆಗೆ ಪಕ್ಕದ ಪೆಟ್ಟಿಗೆಯಲ್ಲಿ ಕುಳಿತರು. ಇನ್ನೊಬ್ಬರು ಚೀಲ ಕಾದರು. ತಿರುಗಿ ಬಂದಾಗ ಅಜ್ಜ ಮೊಮ್ಮಗ ಇಬ್ಬರ ಕೂದಲೂ ಕೆದರಿತ್ತು, ಗಾಳಿಗೆ ಕಣ್ಣಲ್ಲಿ ನೀರು ತುಂಬಿತ್ತು. ಗಾಳಿಗೇ ಎಂದು ಹೇಳಿದೆವು.

ಊರಿಗೆ ಮರಳಿದ ಮೇಲೆ ಮತ್ತೆ ಭಾನುವಾರದ ಪರದೆಯೇ. ಅದನ್ನು ಹಳಿಯುವಷ್ಟು ಕೃತಘ್ನರು ನಾವಲ್ಲ. ಆ ನಾಲ್ಕು ವರ್ಷ ನಮ್ಮನ್ನು ಉಳಿಸಿದ್ದು ಅದೇ. ಆದರೆ ಈಗ ಅಂಗಿ ಹೊಲಿಸುವ ಮೊದಲು ಮಗಳಿಗೆ ಹೇಳುತ್ತೇವೆ: “ಅವನನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿಯಮ್ಮ. ಎಷ್ಟು ಅಂಗುಲವೆಂದು ಹೇಳು.”